ನಲವತ್ತೊಂದನೆಯ ಹೆಸರು

ನೆಲವಾಸದ ನೂರಾ ಎಂಬತ್ತೆರಡನೇ ವರ್ಷ, ಇಳಿಬೇಸಿಗೆಯ ಒಂಬತ್ತನೇ ದಿನ
ಸಂಡೂರಿನ ಹಳೆಯ ಗಣಿಯೊಳಗಿನಿಂದ

ಬಾಗಿಲಿನ ಪ್ರೋಗ್ರಾಮ್ ಬರೆದವರಿಗೆ,

ನಿಮ್ಮ ಹೆಸರು ನಮ್ಮವರೆಗೆ ಬಂದು ತಲುಪಿಲ್ಲ, ಹಾಗಾಗಿ ಹೀಗೆ ಕರೆಯಬೇಕಾಯಿತು. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನೂರಾರು ವರ್ಷ ಹಿಂದಿನ ನಿಮ್ಮ ಕಾಲಕ್ಕೆ ಅವು ಬೇಕಾಗಿರಲಿಲ್ಲ. ನಾನು ಪಂಪಾವತಿ, ಮೂರು ತಿಂಗಳ ಕೂಸಿನ ತಾಯಿ. ಸರಿಯಾಗಿ ನಿದ್ದೆ ಮಾಡಿ ವಾರ ದಾಟಿದೆ. ಬರೆದದ್ದನ್ನೇ ಮತ್ತೆ ಬರೆದರೆ ಅದನ್ನೂ ಮನ್ನಿಸಿ.

ಮೇಲಿನ ನೆಲದಲ್ಲಿ ಯಾರೂ ಉಳಿಯಲಾಗದ ಎಪ್ಪತ್ತು ದಿನಗಳನ್ನು ನಾವು ಇಳಿಬೇಸಿಗೆ ಎನ್ನುತ್ತೇವೆ. ಆಗ ಊರಿಗೆ ಊರೇ ಚಾಪೆ, ಜೋಳದ ಹಿಟ್ಟು, ಕೋಳಿಗಳ ಸಮೇತ ಗಣಿಗೆ ಇಳಿಯುತ್ತದೆ. ದೊಡ್ಡವರು ಮೊದಲ ಅಂತಸ್ತಿನಲ್ಲಿ ಬೆವರುತ್ತಾ ಹೇಗೋ ದಿನ ನೂಕುತ್ತಾರೆ. ವರ್ಷ ತುಂಬದ ಕೂಸುಗಳು ಆ ಸೆಕೆ ತಡೆಯವು. ಅವಕ್ಕೂ ಅವುಗಳ ತಾಯಂದಿರಿಗೂ ಎಲ್ಲಕ್ಕಿಂತ ಕೆಳಗೆ ತಂಪುಗವಿ ಇದೆ. ಅದರ ಬಾಗಿಲು ಕಾಯುವುದು ನಿಮ್ಮ ಪ್ರೋಗ್ರಾಮ್. ತಾಯಿ ಬೆರಳಿಟ್ಟಾಗ ಅದು ದಾಖಲೆಯಲ್ಲಿ 'ತೊಟ್ಟಿಲು' ಎಂಬ ಗುಂಪನ್ನು ಹುಡುಕಿ, ಅದರ ಹೆಸರುಗಳನ್ನೆಲ್ಲ ಒಟ್ಟಿಗೇ ಓದಿ, ಅವಳ ಹೆಸರಿದ್ದರೆ ತೆರೆಯುತ್ತದೆ. ನಮ್ಮಲ್ಲಿ ಹೆಣ್ಣಿನ ಹೆಸರಿನ ಜೊತೆ ಅವಳ ತಾಯಿ, ಅಜ್ಜಿಯರ ಹೆಸರನ್ನೂ ಸೇರಿಸಿ ಬರೆಯುವುದು ಪದ್ಧತಿ. ಇದು ನಿಮಗೆ ಗೊತ್ತಿರಲು ಸಾಧ್ಯವಿರಲಿಲ್ಲ, ಒಪ್ಪುತ್ತೇನೆ.

ಈ ಸಲ ನನ್ನ ಹೆಸರು ಸೇರಿತು, ನಲವತ್ತೊಂದನೆಯದು. ಅದೇ ದಿನ ಮಧ್ಯಾಹ್ನ ಬಾಗಿಲು ಯಾರಿಗೂ ತೆರೆಯಲಿಲ್ಲ. 'ತೊಟ್ಟಿಲು' ಎಂಬ ಗುಂಪೇ ಇಲ್ಲ ಎಂದಿತು. ನಮ್ಮ ದಾಖಲೆ ನೋಡಿಕೊಳ್ಳುವವಳು ಹುಲಿಗೆಮ್ಮ, ನನ್ನ ದೊಡ್ಡವ್ವ, ಪ್ರೋಗ್ರಾಮ್ ಓದಲು ನನಗೆ ಕಲಿಸಿದವಳು. ಅವಳು ದಾಖಲೆಯ ಕೋಣೆಗೆ ಹೋಗಿ ಕಾಲು ಗಂಟೆ ಏನೋ ಮಾಡಿ ಬಂದಳು. ನಲವತ್ತು ಜನರಿಗೆ ಬಾಗಿಲು ತೆರೆಯಿತು, ನನಗೊಬ್ಬಳಿಗೆ ಇಲ್ಲ. ಹೆಸರು ಇನ್ನೂ ಏರಿಲ್ಲ, ಎರಡು ದಿನ ತಡಿ ಎಂದಳು. ನಂಬಿದೆ. ಎರಡು ದಿನ ಐದಾಯಿತು. ನನ್ನ ಕೂಸು ತುಂಗಾಳ ಮೈ ಕಾದು, ಮೊಲೆ ಹಿಡಿಯುವುದನ್ನೇ ಬಿಟ್ಟಳು. ಆಗ ದಾಖಲೆಯಲ್ಲಿ ಯಾರು ಯಾವಾಗ ಏನು ಬದಲಿಸಿದರೆಂಬ ಹಳೆಯ ಲೆಕ್ಕವನ್ನು ನಾನೇ ತೆಗೆದು ಓದಿದೆ. ನನ್ನ ಹೆಸರು ಏರಿತ್ತು. ಏರಿದ ದಿನವೇ ದೊಡ್ಡವ್ವನ ಕೈಯಿಂದ ಅಳಿದಿತ್ತು.

ಅವಳು ಅಲ್ಲಗಳೆಯಲಿಲ್ಲ. ಹೆಸರು ಹೆಚ್ಚಾದರೆ ಒಂದನ್ನು ತೆಗೆಯುವುದು ಅವಳಿಗಿಂತ ಮೊದಲು ದಾಖಲೆ ನೋಡಿಕೊಂಡವಳು ಹೇಳಿಕೊಟ್ಟ ಉಪಾಯವಂತೆ.

"ನಲವತ್ತು ಕೂಸು ಹೊರಗ ಬೇಯಾಕತ್ತಿದ್ದವು," ಎಂದಳು. "ಬ್ಯಾರೆಯವ್ರ ಹೆಸರು ತಗದಿದ್ರ ಜಗಳಾ ಆಗ್ತಿತ್ತು. ನೀ ನಮ್ಮಾಕಿ ಅಲ್ಲೇನವ್ವಾ."

ನಮ್ಮಾಕಿ ಎಂದೇ ತೆಗೆದಳು.

ಆಮೇಲೆ ನೀವು ಬರೆದದ್ದನ್ನು ಓದಿದೆ. ಗುಂಪಿನ ದಾಖಲೆ ತುಂಬಿಕೊಳ್ಳಲು ನೀವು ಕೊಟ್ಟ ಜಾಗ, ಆ ಬಫರ್, ನಾಲ್ಕು ಸಾವಿರದ ತೊಂಬತ್ತಾರು ಬೈಟು. ಪಕ್ಕದಲ್ಲಿ, ಇಷ್ಟು ಸಾಕು ಎಂದು ಬರೆದಿದ್ದೀರಿ. ನಮ್ಮ ಉದ್ದನೆಯ ಹೆಸರುಗಳು ನಲವತ್ತೊಂದಾಗಿ ಅದು ಸಾಲದಾದಾಗ ವ್ಯವಸ್ಥೆ ಸುಮ್ಮನಿರಲಿಲ್ಲ. ಜಾಗ ಸಾಲದು, ದೊಡ್ಡದು ಕೊಡು ಎಂದು ಬೇರೆಯದೇ ಉತ್ತರ ಕೊಟ್ಟಿತ್ತು. ನೀವು ಆ ಉತ್ತರವನ್ನು ಓದಲಿಲ್ಲ. ದಾಖಲೆ ಕೈಗೆ ಬಂತೇ ಎಂದಷ್ಟೇ ನೋಡಿದಿರಿ. ಬರಲಿಲ್ಲ, ಹಾಗಾದರೆ ಗುಂಪೇ ಇಲ್ಲ ಎಂದು ತೀರ್ಮಾನಿಸಿದಿರಿ.

ನಾನು ಸೇರಿಸಿದ್ದು ಎಂಟು ಸಾಲು. ಜಾಗ ಸಾಲದೆಂದರೆ ಬಫರನ್ನು ಇಮ್ಮಡಿ ಮಾಡಿ ಮತ್ತೆ ಕೇಳು. ಗೊತ್ತುಮಾಡಿದ ಮಿತಿ ದಾಟಿದರೆ ಮನುಷ್ಯರನ್ನು ಕರೆ. ತಪ್ಪೇನೂ ಆಗದೆ ದಾಖಲೆ ಸಿಗದಿದ್ದಾಗ ಮಾತ್ರ ಗುಂಪು ಇಲ್ಲವೆನ್ನು. ನನ್ನ ಹೆಸರನ್ನು ಮತ್ತೆ ಏರಿಸಿದೆ. ಬಾಗಿಲು ತೆರೆಯಿತು. ತುಂಗಾ ಈಗ ಹಾಲು ಕುಡಿಯುತ್ತಿದ್ದಾಳೆ. ಮಲಗಿದಾಗ ಉಸಿರಿದೆಯೇ ಎಂದು ನಾನು ಮೂಗಿನ ಬಳಿ ಬೆರಳು ಹಿಡಿದು ಕೂತಿರುತ್ತೇನೆ.

ಈ ಓಲೆ ನಿಮ್ಮ ಕಾಲಕ್ಕೆ ತಲುಪಿದರೆ, ಅಲ್ಲಿ ಇನ್ನೂ ಸಮಯವಿದೆ. ದಯವಿಟ್ಟು ಆ ಕಡತ ತೆರೆದು ಆ ಸಾಲುಗಳನ್ನು ನೀವೇ ಬರೆದುಬಿಡಿ. ದೊಡ್ಡವ್ವ ದಿನವೂ ಗವಿಯ ಬಾಗಿಲವರೆಗೆ ಬಂದು, ಕೂಸು ಹೇಗಿದೆ ಎಂದು ಬೇರೆಯವರನ್ನು ಕೇಳಿ ಹೋಗುತ್ತಾಳೆ. ನಾನು ಮುಖ ತಿರುಗಿಸಿ ಕೂಡುತ್ತೇನೆ. ಅಂದು ನೀವು ಆ ಒಂದು ಉತ್ತರ ಓದಿದ್ದರೆ, ನನಗೆ ಅವಳು ಉಳಿಯುತ್ತಿದ್ದಳು.

ಪಂಪಾವತಿ