ಬಿರುಕಿನ ಮೇಲಿನ ಗಾಜು

12 ಜೂನ್ 2006, ಸೋಮವಾರ

ಆ ಗಾಜು ಒಡೆದಿಲ್ಲ. ಇಡೀ ದಿನ ಕಾಡಿದ್ದು ಅದೇ.

ನಾವು ದುರಸ್ತಿ ಮಾಡುತ್ತಿರುವ ಹಳೆಯ ಛತ್ರದ ಉತ್ತರ ಗೋಡೆಯ ಬಿರುಕಿಗೆ ಅಡ್ಡಲಾಗಿ ಹೋದ ತಿಂಗಳು ನಾನೇ ಗಾಜಿನ ಪಟ್ಟಿ ಕೂರಿಸಿದ್ದೆ. ಗೋಡೆ ಕೂದಲೆಳೆಯಷ್ಟು ಸರಿದರೂ ಅದು ಒಡೆಯಬೇಕು. ಒಡೆದರೆ ನಾನು ವರದಿ ಬರೆಯಬೇಕು, ಛತ್ರದ ಹಿಂದೆ ಏಳುತ್ತಿರುವ ಹೊಸ ಕಾರ್ಖಾನೆಯವರು ತಳಪಾಯಕ್ಕೆ ಬಂಡೆ ಸಿಡಿಸುವುದನ್ನು ನಿಲ್ಲಿಸಬೇಕು. ಶನಿವಾರ ಸಿಡಿಸಿದಾಗ ಜಂತೆಯಿಂದ ಮಣ್ಣು ಉದುರಿತ್ತು. ಗಾಜು ಮಾತ್ರ ಹೊಳೆಯುತ್ತಿದೆ.

ಅಂಚನ್ನು ಉಗುರಿನಿಂದ ಕೆರೆದೆ. ನಾನು ಕೂರಿಸಿದ್ದು ಸುಣ್ಣದ ಗಾರೆಯಲ್ಲಿ. ಇದು ಸಿಮೆಂಟು. ಒಡೆದದ್ದನ್ನು ಕಿತ್ತು ಯಾರೋ ಹೊಸ ಗಾಜು ಕೂರಿಸಿದ್ದಾರೆ. ಸುಣ್ಣ ಎರಡು ದಿನಕ್ಕೆ ಗಟ್ಟಿಯಾಗದು ಎಂದು ಬಲ್ಲವನ ಕೆಲಸ.

ನಮ್ಮ ಹಿರಿಯ ಗಾರೆಯವನು ಬೋರಲಿಂಗಯ್ಯ. ಕಾರ್ಖಾನೆಯ ಕಾಂಪೌಂಡ್ ಕಟ್ಟುತ್ತಿರುವವನೂ ಅವನೇ. ಅನುವಾದದ ಪತ್ತೇದಾರಿ ಕಾದಂಬರಿಗಳನ್ನು ಓದಿ ಓದಿ ಎಲ್ಲರನ್ನೂ ಅನುಮಾನಿಸುವ ಚಾಳಿ ನನಗೆ ಅಂಟಿರಬಹುದು. ಅದಕ್ಕೇ ಗಾಜಿನ ಮಾತೆತ್ತದೆ, ಗೋಡೆ ಸರಿದದ್ದು ಗೊತ್ತಿದ್ದವನು ಹತ್ತಲು ಒಪ್ಪಲಾರನೆಂದುಕೊಂಡು, "ನಾಳೆ ಉತ್ತರ ಗೋಡೆ ಹತ್ತಿ ಸಡಿಲ ಕಲ್ಲು ಇಳಿಸಯ್ಯ" ಎಂದೆ.

"ನಾಳೆ ಆಗಕಿಲ್ಲ ಸಾ, ಕಬ್ಬಾಳಮ್ಮನ ಹರಕೆ ಐತೆ."

"ನಾಡಿದ್ದು?"

"ಮಂಡಿ ನೋವು ಸಾ. ನಿಯಾಜ್‌ನ ಹತ್ತುಸ್ರಿ, ಕೋತಿ ಹತ್ದಂಗೆ ಹತ್ತಾನೆ."

ಸುಣ್ಣ ಅರೆಯುತ್ತಿದ್ದ ನಿಯಾಜ್ ನಕ್ಕ. "ಕಾಂಪೌಂಡ್ ಮೇಲೆ ಓಡಾಡುವಾಗ ಮಂಡಿ ಮನೇಲಿ ಬುಟ್ಟಿದ್ಯಾ ಬೋರಣ್ಣ? ಆಯ್ತು ಸಾ, ಏಳಕ್ಕೆಲ್ಲ ಬಂದು ನಾನೇ ಹತ್ತೀನಿ."

ಬೋರಲಿಂಗಯ್ಯ ನಗಲಿಲ್ಲ, ಬೇಡವೆನ್ನಲೂ ಇಲ್ಲ. ಅವನ ಮುಖವನ್ನೇ ನೋಡುತ್ತ ನಿಂತ ನಾನು, ಮೂರು ಮಕ್ಕಳ ತಂದೆಯಾದ ನಿಯಾಜ್‌ಗೆ ಹತ್ತಬೇಡ ಎಂದು ಹೇಳುವುದನ್ನೇ ಮರೆತು ಬಂದಿದ್ದೇನೆ. ಆರಕ್ಕೇ ಹೋಗಿ ಏಣಿ ತೆಗೆದಿಡಬೇಕು. ವರದಿ ಆಮೇಲೆ. ಮೊದಲು ಏಣಿ.