ಎಣಿಸದೆ ಬಿಟ್ಟ ಹನ್ನೊಂದನೆಯ ಪೆಟ್ಟಿಗೆ

ಮುಂದಿನ ಚಾಪೆಯಲ್ಲಿ ಕೂತ ತಾಯಂದಿರೇ, ಕಂಬಕ್ಕೆ ಒರಗಿ ನಿಂತ ಮಹನೀಯರೇ, ಅವರಿಗೂ ಹಿಂದೆ, ಇನ್ನೂರು ವರ್ಷ ಹಿಂದೆ ಕೂತಿರುವ ಜೇನು ಸಾಕುವವರೇ, ಕಿವಿಗೊಡಿ. ಇಂದು ಇಸವಿ ಎರಡು ಸಾವಿರದ ಇನ್ನೂರ ಹದಿನಾಲ್ಕು, ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ. ಹೂವಿಲ್ಲದ ದಿನಗಳನ್ನೆಲ್ಲ ಒಟ್ಟುಮಾಡಿ ನಾವು ‘ಬರಿಹೊಲ’ ಎಂಬ ತಿಂಗಳು ಮಾಡಿಕೊಂಡಿದ್ದೇವೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾಟಕದ ಪರದೆಯ ಹಿಂದೆ ಬೆಳೆದವನು ನಾನು, ನಿಮಗೆ ಬರೆಯುವ ಈ ಪತ್ರವನ್ನೂ ಮೆಲ್ಲಗೆ ಬರೆಯಲು ಬಾರದು.

ನಮ್ಮ ಗಜೇಂದ್ರಗಡದಲ್ಲಿ ತಿಂಗಳಿಗೊಮ್ಮೆ ಊರ ಮುಂದೆ ‘ಸಕ್ಕರೆಯಾಟ’ ನಡೆಯುತ್ತದೆ. ಪ್ರತಿ ಜೇನುಪೆಟ್ಟಿಗೆಯಿಂದ ಅರ್ಧ ಲೋಟ, ಅಂದರೆ ಸುಮಾರು ಮುನ್ನೂರು ಹುಳ, ಜಾಲರಿ ಮುಚ್ಚಳದ ಡಬ್ಬಿಗೆ ಹಾಕಿ, ಸಕ್ಕರೆಪುಡಿ ಉದುರಿಸಿ ಅಲ್ಲಾಡಿಸುತ್ತೇವೆ. ಮೈಗೆ ಅಂಟಿಕೊಂಡು ಹುಳವನ್ನು ಹೀರುವ ಕೆಂಪು ನುಸಿ ಬಿಳಿ ತಟ್ಟೆಗೆ ಬೀಳುತ್ತದೆ. ನುಸಿ ಒಂಬತ್ತು ದಾಟಿದರೆ ಆ ಪೆಟ್ಟಿಗೆಗೆ ಅಂದೇ ಮದ್ದು. ಹುಳಗಳಿಗೆ ಏನೂ ಆಗದು. ಬಣ್ಣ ಹಚ್ಚಿಕೊಂಡ ಪಾತ್ರಧಾರಿಗಳ ಹಾಗೆ ಬೆಳ್ಳಗಾಗಿ ಗೂಡಿಗೆ ಮರಳುತ್ತವೆ.

ಈ ಆಟ ನಡೆಸಿಕೊಡುವವನು ನಾನೇ. ನನ್ನ ಹನ್ನೆರಡು ಪೆಟ್ಟಿಗೆಗಳಲ್ಲಿ ಹನ್ನೊಂದನೆಯದು ಎತ್ತಲಾರದಷ್ಟು ಭಾರ, ಬಾಗಿಲಲ್ಲಿ ಸದಾ ಜಾತ್ರೆ. ಇದಕ್ಕೇನು ರೋಗ ಎಂದು ಒಂದು ಆಟದಲ್ಲಿ ಅದನ್ನು ಎಣಿಸದೆ ದಾಟಿದೆ. ಪಕ್ಕದ ಹೊಲದ ಶಿವಲೀಲವ್ವ ಎದ್ದು ನಿಂತಳು. ಅವಳ ಸೌತೆ ಬೆಳೆ ನಿಂತಿದ್ದೇ ಅವಳ ಆರು ಪೆಟ್ಟಿಗೆ ಜೇನಿನ ಮೇಲೆ.

“ಮಾವಾ, ಹನ್ನೊಂದ್ರಾಗೂ ಅರ್ಧ ಲೋಟ ತಗೀರಿ. ದಂಡು ದೊಡ್ಡದಿದ್ರ ನುಸೀನೂ ಹೆಚ್ಚಿರ್ತಾವ.”

ನಾನು ಸಭೆಯ ಕಡೆ ತಿರುಗಿ, “ಪಟ್ಟದ ರಾಣಿ ಅರಮನೀನ ಝಡತಿ ತಪಾಸಣಿ ಮಾಡಾಕ ಬಂದಾಳ ನೋಡ್ರಿ” ಎಂದೆ. ಚಪ್ಪಾಳೆ ಬಿತ್ತು. ಲೋಟ ಕೆಳಗಿಟ್ಟೆ.

“ನಗ್ರಿ, ನಗ್ರಿ. ನುಸಿಗೆ ನಾಟಕ ತಿಳಿಯೂದಿಲ್ಲ” ಎಂದು ಅವಳು ಕೂತಳು.

ಮುಂದಿನ ತಿಂಗಳೂ ಅದನ್ನು ಎಣಿಸಲಿಲ್ಲ. ಎರಡು ತಿಂಗಳಲ್ಲಿ ಆ ಪೆಟ್ಟಿಗೆಯ ಮರಿಹುಳಗಳು ಮುದುಡಿದ ರೆಕ್ಕೆಯೊಂದಿಗೆ ಹೊರಬಂದು ನೆಲದಲ್ಲಿ ತೆವಳಿದವು. ದಂಡು ಕುಸಿಯಿತು. ಕಾವಲಿಲ್ಲದ ಜೇನು ದೋಚಲು ಶಿವಲೀಲವ್ವನ ಹುಳಗಳು ಬಂದವು; ಜೇನುತುಪ್ಪದ ಜೊತೆ ನನ್ನ ನುಸಿಯನ್ನೂ ಹೊತ್ತುಕೊಂಡು ಹೋದವು. ಅವಳ ಆರರಲ್ಲಿ ಉಳಿದದ್ದು ಒಂದು. ಸೌತೆ ಹೂ ಕಾಯಿ ಕಟ್ಟದೆ ಉದುರಿತು. ಬಳ್ಳಿ ಮಾತ್ರ ಕೊನೆತನಕ ಹಸಿರಾಗೇ ಇತ್ತು, ಅದನ್ನೇ ನೋಡಲಾಗಲಿಲ್ಲ.

ಇನ್ನೂರು ವರ್ಷ ಹಿಂದಿನವರೇ, ನಿಮಗೆ ಇನ್ನೂ ಕಾಲವಿದೆ. ಗೆಲುವಾಗಿ ಕಾಣುವ ಪೆಟ್ಟಿಗೆಯನ್ನೇ ಮೊದಲು ಎಣಿಸಿ.

ನಾಳೆ ಬೆಳಿಗ್ಗೆ ನನ್ನಲ್ಲಿ ಉಳಿದ ಹನ್ನೊಂದೂ ಪೆಟ್ಟಿಗೆಗಳ ಮುಚ್ಚಳ ತೆಗೆಯುತ್ತೇನೆ. ಲೋಟ ಶಿವಲೀಲವ್ವನ ಕೈಯಲ್ಲಿರುತ್ತದೆ. ಕಳೆದುಕೊಂಡ ಐದರ ಬದಲು ಅವಳು ಆರಿಸಿದ ಐದು ಅವಳ ಹೊಲಕ್ಕೆ. ಕೊನೆಯ ತಟ್ಟೆ ಎಣಿಸಿ ಅವಳು ತಲೆಯೆತ್ತುವ ತನಕ ನಾನು ಒಂದು ಮಾತೂ ಆಡುವುದಿಲ್ಲ.