ಕಳೆದ ಎರಡು ಅಂಕ

ಸಿದ್ದಾಪುರ

ತೀರ್ಥಪ್ರಸಾದ್ ಸರ್ ಅವರಿಗೆ ನಮಸ್ಕಾರ.

ಕೆಲಸ ನಿಲ್ಲಿಸಿದ ಕಾರ್ಮಿಕರಿಗೆ ಎಸ್ಟೇಟಿನವರು ಕೊಟ್ಟ ಲೈನ್ ಮನೆಯಲ್ಲಿ ಉಳಿಯುವ ಹಕ್ಕಿದೆಯೇ ಎಂಬ ಟೆಸ್ಟಿನ ಪ್ರಶ್ನೆಗೆ ನಾನು ಇಲ್ಲವೆಂದು ಬರೆದಿದ್ದೆ. “ಒಂದು ಕಡೆ ನಿಂತು ಹೀಗೆ ಗಟ್ಟಿಯಾಗಿ ಬರೀಬೇಕು” ಎಂದು ನೀವು ಅದರ ಜೆರಾಕ್ಸ್ ಕ್ಲಾಸಿನ ಎಲ್ಲರಿಗೂ ಹಂಚಿದಿರಿ. ಅಮ್ಮ ಕೆಲಸ ಮಾಡುವ ಎಸ್ಟೇಟಿನ ಮಾಲೀಕರ ಮಗ ಮಿಲನ್‌ಗೂ ಸಿಕ್ಕಿತು.

ಬೆನ್ನುನೋವೆಂದು ಅಮ್ಮ ಈ ಸಲ ಕಾಫಿ ಪಿಕಿಂಗ್‌ಗೆ ಹೋಗಿಲ್ಲ. ಸೋಮವಾರ ಮನೆ ಖಾಲಿ ಮಾಡಿ ಎಂದು ನಿನ್ನೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೊಟ್ಟುಹೋದ ನೋಟಿಸಿನಲ್ಲಿ ನನ್ನ ಉತ್ತರದ ಎರಡು ಪ್ಯಾರಾ ಹಾಗೆಯೇ ಇವೆ. ಅಮ್ಮನಿಗೆ ಅದು ಗೊತ್ತಿಲ್ಲ. “ನೀ ಲಾ ಓದ್ತಿದ್ದೀಯಲ್ಲ, ಇದ್ಕೆ ಉತ್ತರ ಬರಿ” ಎಂದಳು. ಕೂತಿದ್ದೇನೆ ಸರ್. ನುಸುಳಲು ನಾನೇ ಎಲ್ಲೂ ಸಂದಿ ಬಿಟ್ಟಿಲ್ಲ.

ಇಪ್ಪತ್ತಕ್ಕೆ ಹದಿನೆಂಟು ಕೊಟ್ಟಿದ್ದೀರಿ. ಉಳಿದೆರಡು ಅಂಕ ಯಾವ ತಪ್ಪಿಗೆ ಕಳೆದಿರೆಂದು ದಯವಿಟ್ಟು ಸೋಮವಾರದೊಳಗೆ ತಿಳಿಸಿ.

ನಿಮ್ಮ ವಿದ್ಯಾರ್ಥಿನಿ,
ದಿವ್ಯಶ್ರೀ